ಫೋಟೊ ತೊಳದ್ರ ಆಕಾಶ ತೊಳದಂಗ ಆಗೂದಿಲ್ಲ

ಹೋದ ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಿ ಬಂದ ರಾತ್ರಿ, ನಮ್ಮ ಮಾಳಗಿ ಮ್ಯಾಲೆ ನಿಂತು ಒಂದು ಫೋಟೊ ತಗದೆ. ಕ್ಯಾಮೆರಾ ಮಗ ಬಿಟ್ಟು ಹೋದ ಹಳೇದು. ಮಹಾವ್ಯಾಧ ಅಂತಾರಲ್ಲ, ಮೂರು ಚಿಕ್ಕಿ ಒಂದೇ ಸಾಲಿನಾಗ ಇರ್ತಾವಲ್ಲ, ಅದರ ಹತ್ತಿರ ಇರೋ ನೀಹಾರಿಕೆ. ಗುಲಾಬಿ ಬಣ್ಣದ ಹೊಗಿ ಹಂಗ ಬಂತು. ಸುತ್ತ ಕರಿ ಆಕಾಶ, ತುಂಬ ಚಿಕ್ಕಿ. ಮನಿ ಮಂದಿ ವಾಟ್ಸಾಪ್ ಗುಂಪಿನಾಗ ಹಾಕಿದೆ. ಎಲ್ಲಾರೂ ಹೊಗಳಿದ್ರು. ಬೆಂಗಳೂರಾಗ ಇರೋ ನಮ್ಮ ನಾದಿನಿ ಬರದ್ಲು: "ವೈನಿ, ನಮ್ಮ ಕೊಪ್ಪಳದ ಆಕಾಶ ಇನ್ನೂ ಎಷ್ಟು ಸ್ವಚ್ಛ ಐತಿ ನೋಡ್ರಿ! ಇಲ್ಲಿ ನಮಗ ಇದೆಲ್ಲಾ ಎಲ್ಲಿ ಕಾಣ್ಬೇಕು."

ಅದನ್ನ ಓದಿ ನನಗ ನಾಚಿಕಿ ಆತು. ಹೊಲಸು ಮನಿಯಾಗ ಒಂದು ಖೋಲಿ ಅಷ್ಟೇ ಸಾರಿಸಿ, ಅಲ್ಲೇ ಬೀಗರನ್ನ ಕುಂಡ್ರಿಸಿ, "ನಮ್ಮ ಮನಿ ಭಾಳ ಸ್ವಚ್ಛ" ಅಂತ ಹೇಳಿಸಿಕೊಂಡಂಗ ಆತು.

ಯಾಕಂದ್ರ ಅದು ಒಂದು ಫೋಟೊ ಅಲ್ರಿ, 240 ಫೋಟೊ. ಒಂದೊಂದು 6 ಸೆಕೆಂಡಿನವು. ಹಿಂದಿನ ಮನಿ ಫೋಕಸ್ ಲೈಟು ಕ್ಯಾಮೆರಾದ ಕಣ್ಣಾಗ ಬೀಳಬಾರ್ದು ಅಂತ, ಅರಿವಿ ಒಣಗ ಹಾಕೋ ಹಗ್ಗಕ್ಕ ಎರಡು ಕೌದಿ ಹಾಕಿ ಗ್ವಾಡಿ ಮಾಡಿದ್ದೆ. ಲೆನ್ಸಿಗೆ ಕರಿ ಡ್ರಾಯಿಂಗ್ ಹಾಳಿ ಸುತ್ತಿ ಕೊಳವಿ ಮಾಡಿದ್ದೆ. ಆಮ್ಯಾಲೆ ಎರಡು ಸಂಜಿ ಕಂಪ್ಯೂಟರ್ ಮುಂದ ಕುಂತು, ಬಿಳಿ ಮಂಜನ್ನ ಒರೆಸಿ ಒರೆಸಿ ತಗದೆ. ಆ 240ರಾಗ ಒಂದನ್ನ, ತೊಳೀಲಾರದ ಒಂದೇ ಒಂದನ್ನ, ತೆರದು ನೋಡಿದ್ರ ಮಜ್ಜಿಗಿ ನೀರಿನಂಥ ಆಕಾಶ, ಅದರಾಗ ಬೆರಳಿನಾಗ ಎಣಿಸೋ ಅಷ್ಟು ಚಿಕ್ಕಿ. ನಮ್ಮೂರ ಆಕಾಶ ಅಂದ್ರ ಆ ಮಜ್ಜಿಗಿ ನೀರು. ನಾ ಗುಂಪಿನಾಗ ಹಾಕಿದ್ದು ಅದನ್ನ ಮುಚ್ಚಿಟ್ಟ ಫೋಟೊ.

ಅದಕ್ಕ ಇವತ್ತು ಈ ಜಗಳಕ್ಕ ಕುಂತೀನಿ. ಆಕಾಶದ ಫೋಟೊ ತಗಿಯೋ ನಾವೆಲ್ಲಾ ಬೆಳಕಿನ ಹೊಲಸನ್ನ ಹೆಂಗ ಒರೆಸಬೇಕು ಅನ್ನೋದನ್ನ ಭಾಳ ಚಂದ ಕಲ್ತೀವಿ. ಅದನ್ನ ಯಾರು ಚೆಲ್ಲಾಕತ್ಯಾರ, ಅವರಿಗೆ "ಸಾಕು ನಿಲ್ಲಸ್ರಿ" ಅಂತ ಹೇಳೋದನ್ನ ಮಾತ್ರ ಕಲ್ತಿಲ್ಲ.

ಹೊಸದಾಗಿ ಕಲಿಯೋರಿಗೆ ಹೇಳಿಕೊಡೋ ಉಪಾಯ ಮೂರು. ಮೂರನ್ನೂ ನಾ ಮಾಡಿ ನೋಡೀನಿ, ಅಥವಾ ಮಾಡಾಕ ಹೋಗಿ ಸೋತೀನಿ.

ಮೊದಲನೇದು, ಭಾಳ ಫೋಟೊ ತಗದು ಜೋಡಿಸೋದು. ಭೂಮಿ ತಿರುಗ್ತಿರತೈತಿ, ಅದಕ್ಕ ಕ್ಯಾಮೆರಾ ಭಾಳ ಹೊತ್ತು ತೆರದಿಟ್ರ ಚಿಕ್ಕಿ ಗೀರಾಗಿ ಬರ್ತಾವು. ನನ್ನ 50 ಮಿಲಿಮೀಟರ್ ಲೆನ್ಸಿಗೆ ಆರೇಳು ಸೆಕೆಂಡೇ ಮಿತಿ. ಅಷ್ಟರಾಗ ಬರೋ ಫೋಟೊದಾಗ ಚಿಕ್ಕಿ ಜೋಡಿ ಕಾಳು ಕಾಳು ಗದ್ದಲನೂ ಇರ್ತೈತಿ. ಚಿಕ್ಕಿ ಎಲ್ಲಾ ಫೋಟೊದಾಗ ತನ್ನ ಜಾಗದಾಗೇ ಇರ್ತೈತಿ, ಗದ್ದಲ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ. ಹಂಗಾಗಿ ಎಲ್ಲಾ ಜೋಡಿಸಿ ಸರಾಸರಿ ತಗದ್ರ ಗದ್ದಲ ಇಳೀತೈತಿ: 16 ಫೋಟೊ ಜೋಡಿಸಿದ್ರ ನಾಕರಾಗ ಒಂದು ಪಾಲು ಉಳೀತೈತಿ, 100 ಜೋಡಿಸಿದ್ರ ಹತ್ತರಾಗ ಒಂದು ಪಾಲು. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಅಂತ ಪುಕ್ಕಟ ಸಾಫ್ಟ್‌ವೇರ್ ಅದಾವು, ಜೋಡಿಸೋ ಕೆಲಸ ಅವೇ ಮಾಡ್ತಾವು. ಪಿಯುಸಿ ಓದಿದ ನಾನೇ ಕಲ್ತೀನಿ ಅಂದ್ರ ಯಾರು ಬೇಕಾದ್ರೂ ಕಲೀಬಹುದು.

ಆದ್ರ ಇದರ ಲೆಕ್ಕ ಕೇಳ್ರಿ. ಆಕಾಶದ ಹಿನ್ನೆಲಿ ಹತ್ತು ಪಟ್ಟು ಬೆಳಗಾತಂದ್ರ, ಅದೇ ಗುಣದ ಫೋಟೊಕ್ಕ ಸುಮಾರು ಹತ್ತು ಪಟ್ಟು ಹೊತ್ತು ಬೇಕು. ಕತ್ತಲ ಊರಾಗ 24 ನಿಮಿಷದಾಗ ಮುಗಿಯೋ ಕೆಲಸಕ್ಕ ಇಲ್ಲಿ 4 ತಾಸು. ಮಂಜನ್ನ ಕಂಪ್ಯೂಟರಿನಾಗ ಕಳದು ಹಾಕಬಹುದು, ಆದ್ರ ಆ ಮಂಜು ತಂದ ಗದ್ದಲ ಹೋಗೂದಿಲ್ಲ. ಉಪ್ಪು ಹೆಚ್ಚಾದ ಸಾರಿಗೆ ನೀರು ಹಾಕ್ಕೋತ ಹೋದಂಗ ಇದು. ಉಪ್ಪು ಹಾಕೋ ಕೈ ನಿಂತಿಲ್ಲ, ನಾವು ಇನ್ನೂ ದೊಡ್ಡ ಗಡಿಗಿ ಹುಡುಕಾಕತ್ತೀವಿ.

ಎರಡನೇದು ಫಿಲ್ಟರ್. ಓಣಿಯಾಗ ಹಳದಿ ಸೋಡಿಯಂ ದೀಪ ಇದ್ದ ಕಾಲಕ್ಕ ಇದಕ್ಕ ಅರ್ಥ ಇತ್ತು. ಆ ಹಳದಿ ಬೆಳಕಿನ ಬಹುಪಾಲು ಬಣ್ಣಪಟ್ಟಿಯೊಳಗ ಒಂದೇ ಕಡೆ, 589 ನ್ಯಾನೊಮೀಟರಿನ ಸುತ್ತಮುತ್ತ ಇರ್ತಿತ್ತು. ಅದಷ್ಟನ್ನ ತಡಿಯೋ ಗಾಜು ಹಾಕಿದ್ರ ಉಳಿದ ಬೆಳಕು ಒಳಗ ಬರ್ತಿತ್ತು. ಈಗಿನ ಬಿಳಿ ಎಲ್‌ಇಡಿ ಹಂಗಲ್ಲ, ನೀಲಿಯಿಂದ ಕೆಂಪಿನ ತನಕ ಎಲ್ಲಾ ಬಣ್ಣದಾಗೂ ಹರಡಿಕೊಂಡಿರ್ತೈತಿ. ಅದನ್ನ ತಡೀಬೇಕಂದ್ರ ಚಿಕ್ಕಿ ಬೆಳಕನ್ನೂ ತಡದಂಗ. ಜಲಜನಕದ ಕೆಂಪು 656 ನ್ಯಾನೊಮೀಟರ್, ಆಮ್ಲಜನಕದ ಹಸಿರು 501 ನ್ಯಾನೊಮೀಟರ್, ಇವೆರಡನ್ನೇ ಒಳಗ ಬಿಡೋ ಫಿಲ್ಟರ್ ಅದಾವು. ಬೆಲಿ ಸಾವಿರಾರು ರೂಪಾಯಿ. ಅವು ಹೊಳಿಯೋ ನೀಹಾರಿಕೆಗೆ ಚಲೋ. ಕೃತ್ತಿಕಾ ಗುಂಪಿಗೆ, ಆಕಾಶಗಂಗಿಗೆ, ಧೂಮಕೇತುವಿನ ಬಾಲಕ್ಕ ಅಷ್ಟು ಕೆಲಸಕ್ಕ ಬರೂದಿಲ್ಲ. ಹಳ್ಳಕ್ಕ ಹೊಲಸು ನೀರು ಬಿಡೋರನ್ನ ಏನೂ ಅನ್ನದ, ಕುಡಿಯೋರಿಗೆ "ಸೋಸೋ ಅರಿವಿ ಬದಲಿ ಮಾಡ್ರಿ" ಅಂದಂಗ ಆತಲ್ಲ ಇದು?

ಮೂರನೇದು, ಎಲ್ಲಾರೂ ಹೇಳೋದು: "ಊರು ಬಿಟ್ಟು ಕತ್ತಲಿಗೆ ಹೋಗ್ರಿ." ಫೋಟೊ ತಗಿಯೋ ಒಬ್ಬ ಹುಡುಗ ನನಗ ಹೇಳಿದ, "ಅಕ್ಕಾರ, ಗಂಗಾವತಿ ಹತ್ತಿರ ಹಿರೇಬೆಣಕಲ್ ಗುಡ್ಡದ ಕಡೆ ಹೋಗ್ರಿ, ಇಲ್ಲಾಂದ್ರ ಯಲಬುರ್ಗಾ ಕಡೆ ಯಾವುದರ ಹೊಲಕ್ಕ ಹೋಗ್ರಿ. ಊರಾಗ ಕುಂತ್ರ ಏನೂ ಸಿಗೂದಿಲ್ಲ." ಹುಡುಗ ಒಳ್ಳೆಯವ, ಹೇಳಿದ್ದೂ ಖರೆ. ಆದ್ರ ಅವನಿಗೆ ಬೈಕ್ ಐತಿ, ಜೋಡಿಗೆ ನಾಕು ಗೆಳೆಯರು ಅದಾರ, ರಾತ್ರಿ ಎರಡಕ್ಕ ಮನಿ ಬಿಟ್ರ ಯಾರೂ ಕೇಳೂದಿಲ್ಲ. ನನಗ? ಐವತ್ತು ದಾಟಿದ ಹೆಣ್ಣುಮಗಳು ಸರಿರಾತ್ರಿ ಗುಡ್ಡಕ್ಕ ಹೊಂಟೀನಿ ಅಂದ್ರ ಮನಿಯಾಗ ಮೊದಲು ನನ್ನ ತಲಿ ಮುಟ್ಟಿ ಜ್ವರ ನೋಡ್ತಾರ. ಹೋದೆ ಅಂತನೇ ತಿಳೀರಿ, ಮುಂಜಾನಿ ಐದಕ್ಕ ನಳ ಬಂದಾಗ ನೀರು ಹಿಡಿಯೋರು ಯಾರು?

ನನ್ನಂಥವರಿಗೆ ಆಕಾಶ ಅಂದ್ರ ಹಿತ್ತಲ, ಇಲ್ಲಾ ಮಾಳಗಿ. ಅಷ್ಟೇ. ಉಂಡು, ಭಾಂಡಿ ತಿಕ್ಕಿ, ಹಾಲಿಗೆ ಹೆಪ್ಪು ಹಾಕಿ, ಮ್ಯಾಲೆ ಹೋಗಿ ಅರ್ಧ ತಾಸು ನಿಲ್ಲೋ ಆಕಾಶ. "ಕತ್ತಲಿಗೆ ಹೋಗ್ರಿ" ಅನ್ನೋ ಮಾತಿನ ಅರ್ಥ ಏನಂದ್ರ, ಗಾಡಿ ಇದ್ದವರಿಗೆ, ಗಂಡಸರಿಗೆ, ವಯಸ್ಸು ಇದ್ದವರಿಗೆ ಅಷ್ಟೇ ಆಕಾಶ ಅಂತ. ಹಾಸಿಗಿ ಹಿಡಿದ ಮುದುಕರಿಗೆ, ಕೂಸಿನ ತಾಯಂದಿರಿಗೆ, ಸಣ್ಣ ಹುಡುಗ್ರಿಗೆ ಆಕಾಶ ಇಲ್ಲ. ಲಡಾಖಿನ ಹಾನ್ಲೆಯೊಳಗ 2022ರಾಗ ಕತ್ತಲ ಆಕಾಶದ ರಕ್ಷಿತ ಪ್ರದೇಶ ಮಾಡಿದ್ರು. ಅಲ್ಲಿ ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ ದೂರದರ್ಶಕ ಐತಿ, ಸುತ್ತಲ ಹಳ್ಳಿ ಮಂದಿ ಮನಿ ದೀಪಕ್ಕ ಮರಿ ಮಾಡಿ ಕತ್ತಲು ಉಳಿಸ್ಯಾರ. 2024ರ ಜನವರಿಯಾಗ ಮಹಾರಾಷ್ಟ್ರದ ಪೆಂಚ್ ಹುಲಿ ಕಾಡಿಗೂ ಕತ್ತಲ ಆಕಾಶದ ಉದ್ಯಾನ ಅಂತ ಮಾನ್ಯತಾ ಸಿಕ್ತು. ಚಲೋ ಆತು. ಆದ್ರ ಮುಂದ ಚಿಕ್ಕಿ ನೋಡಾಕ ಹುಲಿ ನೋಡಾಕ ಹೋದಂಗ ಟಿಕೆಟ್ ತಗಿಸಿ ಹೋಗೋ ಕಾಲ ಬರಬೇಕೇನು?

ನಾ ಹಿಂಗ ಸಿಟ್ಟಿಲೆ ಮಾತಾಡಾಕ ಕಾರಣ ಐತಿ. 1986ರ ಮಾರ್ಚ್‌ದಾಗ ನಮ್ಮಪ್ಪ ಬೆಳಗಿನ ಜಾವ ಎಬ್ಬಿಸಿ ಹ್ಯಾಲಿ ಧೂಮಕೇತು ತೋರಿಸಿದ. ಯಲಬುರ್ಗಾ ತಾಲೂಕಿನ ನಮ್ಮ ಹಳ್ಳಿ, ಮಣ್ಣಿನ ಮಾಳಗಿ, ಹೊದ್ದ ಕೌದಿ ಹೊದ್ದಂಗೇ ಎದ್ದು ನೋಡಿದ್ವಿ. ಕೊಪ್ಪಳ ಜಿಲ್ಲಾ ಆತಲ್ಲ, 1997, ಆ ವರ್ಷದ ಬ್ಯಾಸಗಿಯಾಗ ಹೇಲ್-ಬಾಪ್ ಬಂತು. ಬಗಲಾಗ ಕೂಸು ಎತ್ಕೊಂಡು ಈ ಮನಿ ಅಂಗಳದಾಗೇ ನಿಂತು ನೋಡೀನಿ, ಸಂಜಿ ವಾಯವ್ಯ ದಿಕ್ಕಿಗೆ ಬಾಲ ಹೊತ್ತು ನಿಂತಿತ್ತು. 2024ರ ಅಕ್ಟೋಬರ್‌ದಾಗ ಸುಚಿನ್‌ಶಾನ್-ಅಟ್ಲಾಸ್ ಬಂದಾಗ ಅದೇ ಮನಿ ಮಾಳಗಿ ಮ್ಯಾಲೆ ನಿಂತೆ. ಪಶ್ಚಿಮಕ್ಕ ಸರ್ಕಲ್ಲಿನ ಹೈಮಾಸ್ಟ್ ದೀಪ. ಮೋಡ ಸರಿದ ಒಂದು ಸಂಜಿ ಕಣ್ಣು ಕಿಸಿದು ಕಿಸಿದು ನೋಡಿದ್ರೂ ಕಣ್ಣಿಗೆ ಸಿಗಲಿಲ್ಲ. ಕ್ಯಾಮೆರಾದಾಗ ಮಾತ್ರ ತೆಳ್ಳಗ ಒಂದು ಗೀರು. ಎಲ್ಲಾ ಧೂಮಕೇತು ಒಂದೇ ಸಮ ಹೊಳಿಯೂದಿಲ್ಲ, ಹೇಲ್-ಬಾಪ್ ಭಾಳ ದೊಡ್ಡದು, ಅದು ನನಗೂ ಗೊತ್ತು. ಆದ್ರ ನಮ್ಮಪ್ಪನ ಹತ್ರ ಕ್ಯಾಮೆರಾ ಇರಲಿಲ್ಲ, ಸಾಫ್ಟ್‌ವೇರ್ ಇರಲಿಲ್ಲ. ಬರೇ ಮಗಳನ್ನ ಎಬ್ಬಿಸಿದ. ನನ್ನ ಮೊಮ್ಮಗಳಿಗೆ ನಾ ಕಂಪ್ಯೂಟರಿನಾಗ ತೋರಿಸಬೇಕಾತು. ಆಕಿ ಕೇಳಿದ್ಲು, "ಅಮ್ಮಾ, ಇದು ಯೂಟ್ಯೂಬಿಂದೇನು?"

ನಮ್ಮ ಜಿಲ್ಲಾದ ಆಕಾಶ ನೋಡ್ರಿ ಬೇಕಾದ್ರ. ಕೊಪ್ಪಳಕ್ಕ ಪೂರ್ವದಾಗ ಗಿಣಿಗೇರಿ ಕಡೆ ಕಾರ್ಖಾನಿ ಸಾಲು, ಹೊಸಪೇಟಿ ರಸ್ತಾದ ಉದ್ದಕ್ಕೂ ಬೆಳಕಿನ ಗೋಪುರ. ಅಲ್ಲಿಯ ಧೂಳು, ಹೊಗಿ ಬಗ್ಗೆ ಕೊಪ್ಪಳದ ಮಂದಿ ಬೀದಿಗಿಳಿದು ಹೋರಾಟ ಮಾಡ್ಯಾರ, ಮಾಡಬೇಕಾದ್ದೇ. ಆದ್ರ ಆ ಧೂಳು ಮತ್ತ ಬೆಳಕು ಜೋಡಿ ಕೆಲಸ ಮಾಡ್ತಾವ ಅಂತ ಯಾರೂ ಹೇಳೂದಿಲ್ಲ. ಧೂಳಿನ ಕಣಕ್ಕ ಬಡಿದೇ ಬೆಳಕು ಚೆಲ್ಲಾಪಿಲ್ಲಿ ಆಗಿ ಆಕಾಶದ ತುಂಬ ಹರಡ್ತೈತಿ. ಗಂಗಾವತಿಯಾಗ ಅಕ್ಕಿ ಗಿರಣಿ ದೀಪ. ಭತ್ತದ ಸೀಮಿ ಅದು, ದೀಪಕ್ಕ ಹುಳ ಹೆಂಗ ಮುಗಿಬೀಳ್ತಾವ ಅಂತ ಅಲ್ಲಿಯ ರೈತರನ್ನ ಕೇಳ್ರಿ. ಕಂದು ಜಿಗಿಹುಳ ಬಂದೈತೋ ಇಲ್ಲೋ ಅಂತ ದೀಪದ ಬಲಿ ಹಾಕಿ ನೋಡೋದೇ ಅದಕ್ಕ. ಕುಷ್ಟಗಿಯಾಗ ಹೆದ್ದಾರಿ, ಢಾಬಾ, ಪೆಟ್ರೋಲ್ ಬಂಕ್. ಯಲಬುರ್ಗಾ ಕಡೆ ಗಾಳಿಗಂಬದ ತುದಿಯಾಗ ಕೆಂಪು ದೀಪ. ಅವು ವಿಮಾನದ ಸಲುವಾಗಿ ಬೇಕು, ಬಿಡ್ರಿ. ಇಷ್ಟರಾಗ ಯಲಬುರ್ಗಾ ಹಳ್ಳಿಗಳೇ ಇನ್ನೂ ಕತ್ತಲು ಉಳಿಸ್ಕೊಂಡಾವು. ಅಲ್ಲೂ ಈಗ ಗುಡಿ ಶಿಖರಕ್ಕ, ಬಸ್‌ಸ್ಟ್ಯಾಂಡಿಗೆ ಫೋಕಸ್ ಲೈಟು ಏರಾಕತ್ತಾವು.

2001ರಾಗ ಅಮೆರಿಕದ ಜಾನ್ ಬಾರ್ಟಲ್ ಅನ್ನೋರು ಆಕಾಶದ ಕತ್ತಲಿಗೆ ಒಂಬತ್ತು ಮೆಟ್ಟಿಲಿನ ಅಳತಿ ಮಾಡಿದ್ರು. ಒಂದಂದ್ರ ಅಪ್ಪಟ ಕತ್ತಲು, ಒಂಬತ್ತಂದ್ರ ದೊಡ್ಡ ಶಹರದ ನಡುಮಧ್ಯ. ನಮ್ಮಪ್ಪನ ಮಾಳಗಿ ಎರಡೋ ಮೂರೋ ಇದ್ದೀತು. ನನ್ನದು ಆರು ಅಂತ ನಾ ಲೆಕ್ಕ ಹಿಡದೀನಿ. ಆಕಾಶಗಂಗಿ ನೆತ್ತಿ ಮ್ಯಾಲೆ ಇದ್ದಾಗ ಅಷ್ಟೇ, ಅದೂ ಐತೋ ಇಲ್ಲೋ ಅನ್ನೋ ಹಂಗ. ಇದು ನಮ್ಮೂರ ಹಣೆಬರ ಅಷ್ಟೇ ಅಲ್ಲ. 2011ರಿಂದ 2022ರ ತನಕ ಜಗತ್ತಿನ ಸಾವಿರಾರು ಸಾಮಾನ್ಯ ಮಂದಿ ಬರಿಗಣ್ಣಿಲೆ ಚಿಕ್ಕಿ ನೋಡಿ ಬರೆದು ಕೊಟ್ಟ ಲೆಕ್ಕ ಕೂಡಿಸಿ, 2023ರಾಗ 'ಸೈನ್ಸ್' ಪತ್ರಿಕಿಯೊಳಗ ಹಾಕಿದ್ರು: ರಾತ್ರಿ ಆಕಾಶ ವರ್ಷಕ್ಕ ಹೆಚ್ಚು ಕಡಿಮಿ ನೂರಕ್ಕ ಹತ್ತರಂಗ ಬೆಳಗಾಗಾಕತ್ತೈತಿ. ಹುಟ್ಟಿದಾಗ 250 ಚಿಕ್ಕಿ ಕಾಣೋ ಊರಿನ ಕೂಸಿಗೆ 18 ವರ್ಷ ತುಂಬೋದರಾಗ 100 ಉಳೀತಾವಂತ. ಬಡ್ಡಿ ಲೆಕ್ಕ ಗೊತ್ತಿದ್ದ ಹೆಣ್ಣುಮಕ್ಕಳಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಜೋಡಿ ವಾದ ಮಾಡೋರ ಮಾತಿಗೆ ಬರ್ತೀನಿ.

"ನಿಮಗೇನು ಮತ್ತ ಚಿಮಣಿ ಬುಡ್ಡಿ ಕಾಲ ಬೇಕೇನು?" ಅಂತಾರ. ಬ್ಯಾಡ್ರಿ. ಚಿಮಣಿ ಹೊಗಿ ಕುಡದು ಓದಿದಾಕಿ ನಾನು, ಕಂದೀಲಿನ ಗಾಜು ಒರೆಸಿ ಕೈ ಕುಯ್ಕೊಂಡಾಕಿ. ಕತ್ತಲಾಗ ಬಯಲಿಗೆ ಹೋಗಿ ಬಂದ ಹೆದರಿಕಿ ನನಗ ಇನ್ನೂ ನೆನಪೈತಿ. ನನಗ ಬೆಳಕು ಬೇಕು. ನೆಲಕ್ಕ ಬೇಕು, ಮೆಟ್ಟಿಲಿಗೆ ಬೇಕು, ಬೀಗ ತಗಿಯೋ ಕೈಗೆ ಬೇಕು. ಮೋಡಕ್ಕ ಬ್ಯಾಡ. ಕಂದೀಲಿನ ಕಾಲದಾಗ ಎಣ್ಣಿ ತುಟ್ಟಿ ಇತ್ತು, ಅದಕ್ಕ ಬೆಳಕು ಎಲ್ಲಿ ಬೀಳ್ತೈತಿ ಅಂತ ನಮ್ಮವ್ವ ನೋಡ್ತಿದ್ಲು. ಈಗ ಯಾರೂ ನೋಡೂದಿಲ್ಲ.

"ಎಲ್‌ಇಡಿ ಬಂದ ಮ್ಯಾಲೆ ಖರ್ಚೇನೈತಿ?" ಅಂತಾರ. ಅದೇ ತಪ್ಪಾಗಿದ್ದು. ಖರ್ಚು ಕಮ್ಮಿ ಅಂತ ಒಂದಿದ್ದಲ್ಲಿ ಮೂರು ಹಾಕಿದ್ವಿ. 50 ವ್ಯಾಟಿನ ಫೋಕಸ್ ಲೈಟು ಸಂಜಿ ಆರರಿಂದ ಮುಂಜಾನಿ ಆರರ ತನಕ ಹಚ್ಚಿಟ್ರ ದಿನಕ್ಕ 0.6 ಯುನಿಟ್, ತಿಂಗಳಿಗೆ 18 ಯುನಿಟ್, ವರ್ಷಕ್ಕ 219 ಯುನಿಟ್. ಗೃಹಜ್ಯೋತಿ ಬಂದ ಮ್ಯಾಲೆ ಬಿಲ್ಲು ಸೊನ್ನಿ ಬರ್ತೈತಿ, ಸ್ವಿಚ್ ಆರಿಸೋದು ಯಾರಿಗೆ ನೆನಪಾಗಬೇಕು? ನಾನೂ ಆ ಯೋಜನಾ ತಗೊಂಡಾಕಿನ, ಅದನ್ನ ಬೈಯಾಕತ್ತಿಲ್ಲ. ಬಿಲ್ಲು ಸೊನ್ನಿ ಆದ್ರ ಖರ್ಚು ಸೊನ್ನಿ ಆಗೂದಿಲ್ಲ ಅಂತ ಅಷ್ಟೇ ಹೇಳ್ತೀನಿ.

ಮೂರನೇ ಮಾತಿಗೆ ನನಗ ನೆತ್ತಿಗೇರ್ತೈತಿ. "ಹೆಣ್ಣುಮಕ್ಕಳ ಸುರಕ್ಷತಾ ಸಲುವಾಗಿ ಬೆಳಕು ಬೇಕ್ರಿ ಅಮ್ಮಾರ." ಹೈಮಾಸ್ಟ್ ದೀಪಕ್ಕ ಮರಿ ಮಾಡ್ರಿ ಅಂತ ಒಂದು ಕಚೇರಿಗೆ ಅರ್ಜಿ ಕೊಡಾಕ ಹೋದಾಗ ಹಿಂಗ ಹೇಳಿ ಕಳಿಸಿದ್ರು. ಹೇಳಿದವರು ಗಂಡಸರು. ರಾತ್ರಿ ಬಸ್ಸಿಳಿದು ಒಬ್ಬಾಕಿನೇ ನಡಕೊಂಡು ಬಂದ ಹೆಣ್ಣುಮಕ್ಕಳನ್ನ ಅವರು ಕೇಳ್ಯಾರೇನು? ಕಣ್ಣಿಗೆ ಹೊಡಿಯೋ ಬಿಳಿ ದೀಪದ ಕೆಳಗ ದಾಟಿ ಮುಂದ ಹೋದ್ರ, ಹತ್ತು ಹೆಜ್ಜಿ ತನಕ ಏನೂ ಕಾಣೂದಿಲ್ಲ. ಕತ್ತಲಿಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಾಕ 20–30 ನಿಮಿಷ ಬೇಕು. ಒಂದು ಝಗ್ ಅನ್ನೋ ಬೆಳಕು ಬಿದ್ರ ಅಷ್ಟೂ ನೀರಾಗ ಹೋತು. ನಮಗ ಬೇಕಾದ್ದು ಎಲ್ಲಾ ಕಂಬದಾಗೂ ದೀಪ ಇರೋದು, ಕೆಟ್ಟಿದ್ದನ್ನ ಎಂಟು ದಿನದಾಗ ಸರಿ ಮಾಡೋದು, ಬೆಳಕು ರಸ್ತಾಕ್ಕ ಸಮ ಬೀಳೋದು. ಒಂದು ಸರ್ಕಲ್ಲಿಗೆ ಹಗಲು ಮಾಡಿ, ಹಿಂದಿನ ಓಣಿಯಾಗ ಮೂರು ಕಂಬ ಸತ್ತು ಬಿದ್ರೂ ನೋಡದಿರೋದು ಯಾವ ಸುರಕ್ಷತಾ? ನಮ್ಮ ಹೆಸರು ಹೇಳಿ ಆಕಾಶಕ್ಕ ಬೆಳಕು ಚೆಲ್ಲಬ್ಯಾಡ್ರಿ.

ಇದನ್ನ ನಾ ಬಾಯಿಮಾತಿಲೆ ಹೇಳಾಕತ್ತಿಲ್ಲ, ಮಾಡಿ ತೋರಿಸೀನಿ. ಮೊದಲು ನಮ್ಮ ಮನಿದೇ. ಹೌದ್ರಿ, ನಮ್ಮ ಗೇಟಿನ ಮ್ಯಾಲೂ ಮಕಾ ಮ್ಯಾಲೆ ಮಾಡಿದ ಫೋಕಸ್ ಲೈಟು ಇತ್ತು, ನಾನೇ ಹಟ ಮಾಡಿ ಹಾಕಿಸಿದ್ದು. ಅದನ್ನ ತಗಸಿ 9 ವ್ಯಾಟಿನ ಹಳದಿ ಬಲ್ಬು ಹಾಕಿಸಿ, ಎಣ್ಣಿ ಡಬ್ಬಿ ತಗಡು ಕತ್ತರಿಸಿ ಟೊಪಿಗಿ ಮಾಡಿಸಿದೆ. ಆಮ್ಯಾಲೆ ಹಿಂದಿನ ಮನಿಗೆ ಹೋದೆ. ಆ ಹೆಣ್ಣುಮಗಳು "ಅಕ್ಕಾರ, ಕಳ್ಳರ ಹೆದರಿಕಿರಿ, ಅದಕ್ಕ ಹಾಕಿಸೀವಿ" ಅಂದ್ಲು. ನಾ ಅಂದೆ, "ಬಾರವ್ವಾ, ರಸ್ತಾದಾಗ ನಿಂತು ನೋಡು. ನಾ ನಿಮ್ಮ ಗೇಟಿನ ಕಂಬದ ಬಾಜೂಕ, ಲೈಟಿನ ಹಿಂದ ನಿಲ್ತೀನಿ. ನನ್ನ ಕೈಯಾಗ ಏನೈತಿ ಹೇಳು." ಆಕಿಗೆ ಕೈ ಹೋಗ್ಲಿ, ನಾ ಎಲ್ಲಿ ನಿಂತೀನಿ ಅಂತಲೇ ಕಾಣಲಿಲ್ಲ. ನನ್ನ ಕೈಯಾಗ ಲಟ್ಟಣಿಗಿ ಇತ್ತು. ಮರುದಿನ ಆಕಿ ಗಂಡ ಲೈಟಿನ ಮಾರಿ ಕೆಳಗ ಮಾಡಿ, ತಗಡಿನ ಮರಿ ಹಾಕಿಸಿದ. ಈಗ ಗೇಟಿನ ಹತ್ರ ಯಾರು ಬಂದ್ರೂ ಮಾರಿ ಕಾಣ್ತೈತಿ ಅಂತ ಆಕಿನೇ ಹೇಳ್ತಾಳ.

ಅದರಿಂದ ಊರಿನ ಮ್ಯಾಲಿನ ಮಂಜು ಹೋತೇನು? ಇಲ್ಲ, ಸುಳ್ಳು ಹೇಳೂದಿಲ್ಲ. ಅದು ಸಾವಿರಾರು ದೀಪದ ಕೂಡಿದ ಬೆಳಕು, ಎರಡು ಮನಿಯಿಂದ ಕರಗೂದಿಲ್ಲ. ಆದ್ರ ಕಣ್ಣಿಗೆ ಹೊಡಿಯೋದು ನಿಂತ ಮ್ಯಾಲೆ, ಕೃತ್ತಿಕಾದಾಗ ನಾಕು ಕಾಣ್ತಿದ್ದಾಕಿಗೆ ಆರು ಕಂಡ್ವು. ಕೌದಿ ಗ್ವಾಡಿ ಕಟ್ಟೋದು ತಪ್ಪಿತು. ಒಂದು ಡಬ್ಬಿ ತಗಡಿಗೆ ಎರಡು ಚಿಕ್ಕಿ ಸಿಕ್ಕಾವು ಅಂದ್ರ, ಯಾವ ಫಿಲ್ಟರ್ ಇಷ್ಟು ಸೋವಿ ಕೊಡ್ತೈತಿ ಹೇಳ್ರಿ?

ಇನ್ನ ಮನಿ ಹೆಣ್ಣುಮಕ್ಕಳು ಅಂಗಡಿಗೆ ಹೋದಾಗ ನೋಡಬೇಕಾದ್ದು ಒಂದೇ. ಬಲ್ಬಿನ ಡಬ್ಬಿ ಮ್ಯಾಲೆ 6500 ಕೆ ಅಂತ ಇದ್ರ ಅದು ನೀಲಿ ಹೊಡಿಯೋ ಬಿಳಿ. 2700 ಇಲ್ಲಾ 3000 ಕೆ ಇದ್ರ ಹಳದಿ. ಹೊರಗ ಹಾಕಾಕ ಹಳದಿನೇ ತಗೋರಿ. ನೀಲಿ ಬೆಳಕು ಗಾಳಿಯಾಗ ಹೆಚ್ಚು ಚೆದರ್ತೈತಿ, ಹಗಲಿನ ಆಕಾಶ ನೀಲಿ ಕಾಣೋದೂ ಅದಕ್ಕನ. ಅದೇ ನೀಲಿ ರಾತ್ರಿ ನಮ್ಮ ದೀಪದಿಂದ ಚೆದರಿ ಮಂಜಾಗ್ತೈತಿ.

ಸರಕಾರಕ್ಕೂ ಒಂದು ಮಾತು. ನೀರು ಹೊಲಸು ಮಾಡಬಾರ್ದು ಅಂತ 1974ರಾಗ ಕಾನೂನು ಬಂತು, ಗಾಳಿಗೆ 1981ರಾಗ, ಸಪ್ಪಳಕ್ಕ 2000ದಾಗ ನಿಯಮ ಬಂತು. ಬೆಳಕಿಗೆ ಅಂತ ದೇಶಕ್ಕ ಒಂದು ಕಾನೂನಿಲ್ಲ. 2015ರಿಂದ ದೇಶದ ಬೀದಿ ದೀಪ ಎಲ್ಲಾ ಎಲ್‌ಇಡಿಗೆ ಬದಲಿ ಮಾಡೋ ಕಾರ್ಯಕ್ರಮ ನಡೀತು. ಕರೆಂಟ್ ಉಳಿಸೋ ಲೆಕ್ಕ ಹಾಕಿದಂಗ ಆಕಾಶದ ಲೆಕ್ಕನೂ ಹಾಕಿದ್ರ ಏನಾಗ್ತಿತ್ತು? ಅಮೆರಿಕದ ಫ್ಲ್ಯಾಗ್‌ಸ್ಟಾಫ್ ಅನ್ನೋ ಊರಾಗ 1958ರಾಗೇ ಆಕಾಶಕ್ಕ ಬಿಡೋ ಸರ್ಚ್‌ಲೈಟಿಗೆ ತಡಿ ಹಾಕಿದ್ರು. ಫ್ರಾನ್ಸಿನಾಗ 2018ರಾಗ ಹೊರಗಿನ ದೀಪ ಎಷ್ಟೊತ್ತಿಗೆ ಆರಿಸಬೇಕು, ಬೆಳಕು ಎತ್ತ ಬೀಳಬೇಕು ಅಂತ ಆದೇಶ ಮಾಡ್ಯಾರ. ಅಲ್ಲಿ ಮಂದಿ ಕತ್ತಲಾಗ ಎಡವಿ ಬಿದ್ದು ಸತ್ತಿಲ್ಲ.

ನಮ್ಮ ಮಂದಿಗೆ ಆಕಾಶ ಹೊಸದೇನಲ್ಲ. ರೋಹಿಣಿ ಮಳಿ, ಮಿರಗದ ಮಳಿ, ಆರಿದ್ರಾ ಮಳಿ ಅಂತ ಇವತ್ತಿಗೂ ಬಿತ್ತಿಗಿ ಲೆಕ್ಕ ಹಾಕ್ತೀವಿ. ಜೂನ್‌ದಾಗ ಸೂರ್ಯ ಮಿರಗದ ಚಿಕ್ಕಿ ಕಡೆ ಇರ್ತಾನ, ಅದಕ್ಕ ಅವಾಗ ಆ ಚಿಕ್ಕಿ ಕಾಣೂದಿಲ್ಲ. ಎಳ್ಳ ಅಮಾಸಿ ಹೊತ್ತಿಗೆ ಅದೇ ಚಿಕ್ಕಿ ರಾತ್ರಿ ನೆತ್ತಿಗೆ ಬರ್ತೈತಿ. ನಮ್ಮ ಹುಡುಗ್ರಿಗೆ ಮಳಿ ಹೆಸರು ಗೊತ್ತೈತಿ, ಚಿಕ್ಕಿ ಗೊತ್ತಿಲ್ಲ. ಮದುವಿಯಾಗ ಮದುಮಗಳಿಗೆ ಅರುಂಧತಿ ತೋರಸ್ತಾರ. ಮಂಗಲ ಕಾರ್ಯಾಲಯದ ಮುಂದ ಸಾವಿರ ದೀಪ ಹಚ್ಚಿ, ಭಟ್ರು ಮ್ಯಾಲೆ ಬೆರಳು ಮಾಡ್ತಾರ, ಆಕಿ "ಕಂಡ್ತು" ಅಂತಾಳ. ಸಂಸಾರ ಶುರು ಆಗೋದೇ ಒಂದು ಸುಳ್ಳಿನಿಂದ.

ಆ ನೀಹಾರಿಕೆಯಿಂದ ಬೆಳಕು ಇಲ್ಲಿಗೆ ಬರಾಕ ಸುಮಾರು 1,300 ವರ್ಷ ಹಿಡೀತೈತಿ. ಬಾದಾಮಿ ಚಾಲುಕ್ಯರು ಆಳೋ ಕಾಲಕ್ಕ ಹೊಂಟ ಬೆಳಕು ಅದು. ಅಷ್ಟು ದೂರ ಏನೂ ಅಡ್ಡ ಇಲ್ಲದ ಬಂದು, ಕಡೀಗೆ ನಮ್ಮ ಓಣಿ ಫೋಕಸ್ ಲೈಟಿಗೆ ಸೋಲ್ತೈತಿ.

ಅದಕ್ಕ ನಾ ಎರಡು ನಿರ್ಧಾರ ಮಾಡೀನಿ. ಒಂದು, ಇನ್ನ ಮ್ಯಾಲೆ ತೊಳೆದ ಫೋಟೊ ಒಂದನ್ನೇ ಯಾರಿಗೂ ತೋರಿಸೂದಿಲ್ಲ. ಬಾಜೂಕ ತೊಳೀಲಾರದ ಒಂದು ಫೋಟೊ ಇಟ್ಟೇ ತೋರಸ್ತೀನಿ. ಆಕಾಶದ ಫೋಟೊ ತಗಿಯೋ ಎಲ್ಲಾರೂ ಹಿಂಗೇ ಮಾಡ್ರಿ ಅಂತ ಕೈಮುಗಿದು ಕೇಳ್ತೀನಿ. ನಿಮ್ಮ ಚಂದ ಫೋಟೊ ನೋಡಿ ಮಂದಿ "ಆಕಾಶ ಚಲೋ ಐತಿ" ಅಂತ ನಿಶ್ಚಿಂತಿಲೆ ಮಲಗಾಕತ್ಯಾರ. ನಾದಿನಿಗೂ ಆ ಮಜ್ಜಿಗಿ ನೀರಿನ ಫೋಟೊ ಕಳಿಸಿದೆ. ಭಾಳ ಹೊತ್ತು ಏನೂ ಬರೀಲಿಲ್ಲ. ಆಮ್ಯಾಲೆ, "ವೈನಿ, ಇದು ನಮ್ಮ ಮನಿ ಮಾಳಗಿ ಮ್ಯಾಲಿಂದೇನ್ರಿ?" ಅಂತ ಕೇಳಿದ್ಲು.

ಎರಡನೇದು, ಮುಂದಿನ ಎಳ್ಳ ಅಮಾಸಿಗೆ ನಮ್ಮ ಓಣಿಯಾಗ ರಾತ್ರಿ ಒಂಬತ್ತರಿಂದ ಹತ್ತರ ತನಕ ಹೊರಗಿನ ದೀಪ ಆರಸ್ರಿ ಅಂತ ಮನಿ ಮನಿಗೆ ಹೋಗಿ ಕೇಳಾಕತ್ತೀನಿ. ಒಳಗಿನ ದೀಪ ಇರಲಿ, ಓಣಿ ಕಂಬದ ದೀಪನೂ ಇರಲಿ. ಗೇಟಿಂದು, ಮಾಳಗಿದು, ಅಂಗಡಿ ಬೋರ್ಡಿಂದು ಅಷ್ಟೇ. ಗವಿಮಠದ ಜಾತ್ರಿಗೆ ಊರೆಲ್ಲಾ ಬೆಳಗಲಿ, ದೀಪಾವಳಿಗೆ ಆಕಾಶಬುಟ್ಟಿ ಹಚ್ಚರಿ, ನಾ ಬ್ಯಾಡ ಅನ್ನೂದಿಲ್ಲ. ಅಮಾಸಿಗೆ ಒಂದು ತಾಸು ಆಕಾಶಕ್ಕ ಬಿಟ್ಟು ಕೊಡ್ರಿ ಅಂತೀನಿ. ಇಲ್ಲೀತನಕ ಹನ್ನೊಂದು ಮನಿಯವರು ಹ್ಞೂಂ ಅಂದಾರ, ಮೂರು ಮನಿಯವರು ನಕ್ಕಾರ, ಒಬ್ರು ಬಾಗಿಲಾ ಹಾಕ್ಕೊಂಡಾರ. ನಕ್ಕವರ ಮನಿಗೆ ಇನ್ನೊಮ್ಮೆ ಹೋಗ್ತೀನಿ. ಲಟ್ಟಣಿಗಿ ಹೆಂಗೂ ಕೈಯಾಗ ಐತಿ.

ನಿಮ್ಮ ಗೇಟಿನ ಲೈಟು ಎತ್ತ ಮಾರಿ ಮಾಡೈತಿ, ಇವತ್ತು ಉಂಡು ಹೊರಗ ಹೋಗಿ ಒಮ್ಮೆ ನೋಡಿ ಬರ್ರಿ.